ನೆಗ್ಗಿದ ಲೋಟದವರು

ಹೋದ ತಿಂಗಳು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. ಮುಂದಿನ ಮೋರಿ ದಾಟಲು ಒಂದು ಹಲಗೆ ಹಾಕಿದ್ದರು. ನಾನು ಅದರ ಮೇಲೆ ಎರಡು ಹೆಜ್ಜೆ ಇಟ್ಟ ಮೇಲೆ ಕೆಳಗೆ ನೋಡಿದೆ. ಎಡಗಾಲಿನ ಚಪ್ಪಲಿಯ ಪಕ್ಕ ‘ಮಣ್ಣಿನ ಗಣಪತಿ’ ಎಂದಿತ್ತು. ಬಲಗಾಲಿನ ಪಕ್ಕ ‘ನಾಟಕಕ್ಕೆ ಮೇಕಪ್’ ಎಂದಿತ್ತು. ನಾನು ಹಿಂದಕ್ಕೆ ಹೆಜ್ಜೆ ಇಡುತ್ತಾ ಬಂದ ದಾರಿಯಲ್ಲೇ ಇಳಿದೆ. ಕೆಲಸದವರಿಗೆ ಬೇರೆ ಹಲಗೆ ಹುಡುಕಿಕೊಟ್ಟು ಇದನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆ. ಏನು ಸಾರ್ ಇದು ಎಂದು ಆಟೋದವನು ಕೇಳಿದ. ಪರಿಚಯದವರು ಎಂದೆ.

ಆ ಹಲಗೆ ಯಾರ ಮನೆಬಾಗಿಲ ಬೋರ್ಡಾಗಿತ್ತೋ ಅವರ ಹೆಸರು ಬರೆಯುವುದಿಲ್ಲ. ಅವರ ಅಕ್ಕನ ಕಡೆಯವರು ಈಗಲೂ ಅದೇ ಬಡಾವಣೆಯಲ್ಲಿದ್ದಾರೆ, ಅವರಿಗೆ ಹಿಡಿಸಲಾರದು. ಬೋರ್ಡಿನಲ್ಲೂ ಹೆಸರಿರಲಿಲ್ಲ. ಹೆಸರಿಗೆ ಜಾಗ ಕೊಟ್ಟರೆ ಒಂದು ವಿದ್ಯೆ ಕಡಿಮೆಯಾಗುತ್ತದೆ ಎಂದು ಅವರೇ ಹೇಳುತ್ತಿದ್ದರು. ನಾನು ಮೊದಲ ಸಲ ಆ ಬೋರ್ಡು ನೋಡಿದಾಗ ಅದರಲ್ಲಿ ನಾಲ್ಕು ಸಾಲುಗಳಿದ್ದವು: ಸೈನ್ ಬೋರ್ಡು, ಮಣ್ಣಿನ ಗಣಪತಿ, ನಾಟಕಕ್ಕೆ ಮೇಕಪ್, ಮದುವೆ ಮಂಟಪದ ಅಲಂಕಾರ. ಆಮೇಲೆ ಮಿಮಿಕ್ರಿ ಬಂತು, ದಸರಾ ಬೊಂಬೆಗೆ ಬಣ್ಣ ಬಂತು, ಭಾವಚಿತ್ರ ಬಂತು. ‘ಹಾರ್ಮೋನಿಯಂ ರಿಪೇರಿ, ಕಲಿಯುತ್ತಿದ್ದೇನೆ’ ಎಂಬ ಸಾಲೂ ಬಂತು. ವಿದ್ಯೆ ಬೆಳೆದಂತೆ ಬೋರ್ಡು ಬೆಳೆಯಲಿಲ್ಲ, ಆದ್ದರಿಂದ ಅಕ್ಷರಗಳು ಸಣ್ಣಗಾಗುತ್ತಾ ಹೋದವು. ಹನ್ನೊಂದನೆಯ ಸಾಲು ಓದಲು ಸೊಂಟ ಬಗ್ಗಿಸಬೇಕಾಗಿತ್ತು. ಅಲ್ಲಿ ‘ಏಡ್ಸ್ ಬಗ್ಗೆ ಮಾತಾಡಲಾಗುವುದು, ಯಾವಾಗ ಬೇಕಾದರೂ’ ಎಂದಿತ್ತು. ಇಷ್ಟು ಮುಖ್ಯವಾದುದನ್ನು ಇಷ್ಟು ಚಿಕ್ಕದಾಗಿ ಬರೆದಿದ್ದೀರಲ್ಲ ಎಂದು ಒಮ್ಮೆ ಕೇಳಿದ್ದೆ.

“ದೊಡ್ಡದಾಗಿ ಬರೆದ್ರೆ ರಸ್ತೆ ಆಚೆಯಿಂದ್ಲೇ ಓದ್ಕೊಂಡು ಹೋಗ್ಬಿಡ್ತಾರೆ ರಾಯ್ರೇ. ಚಿಕ್ಕದಾಗಿದ್ರೆ ಬಾಗ್ಲ ಹತ್ರ ಬರ್ಬೇಕು. ಬಾಗ್ಲಿಗೆ ಬಂದೋರು ಒಳಗೂ ಬರ್ತಾರೆ.”

ನಾನು ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾಗದ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಗಂಡಿನ ಹೆಸರು, ಹೆಣ್ಣಿನ ಹೆಸರು, ಮುಹೂರ್ತ, ಛತ್ರದ ವಿಳಾಸ, ಈ ನಾಲ್ಕರಲ್ಲಿ ತಪ್ಪಾಗದಂತೆ ನೋಡುವುದು ನನ್ನ ಕೆಲಸ. ಸಾವಿರಾರು ಮದುವೆಗಳನ್ನು ತಿದ್ದಿದ್ದೇನೆ. ನನ್ನದು ಆಗಲಿಲ್ಲ. ಬಸವನಗುಡಿಯಲ್ಲಿ ತಾಯಿಯ ಜೊತೆ ಇದ್ದೆ. ಈ ಬೋರ್ಡಿನವರು ಕಾಗದದ ಮೇಲಿನ ಗಣಪತಿ, ತೋರಣ, ಬಾಳೆಕಂಬಗಳ ಚಿತ್ರ ಬರೆದುಕೊಡಲು ಪ್ರೆಸ್ಸಿಗೆ ಬರುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳವು. ತೆಳ್ಳಗೆ, ಎತ್ತರಕ್ಕೆ ಇದ್ದರು. ಜೇಬಿನಲ್ಲಿ ಪೆನ್ನಿನ ಬದಲು ಎರಡು ಕುಂಚ. ಬಣ್ಣದ ಕೈಯನ್ನು ಸದಾ ಬಲತೊಡೆಗೆ ಒರೆಸಿಕೊಳ್ಳುತ್ತಿದ್ದರು, ಹೀಗಾಗಿ ಅವರ ಎಲ್ಲ ಪ್ಯಾಂಟುಗಳಿಗೂ ಒಂದೇ ಕಡೆ ಹೋಳಿ ನಡೆದಿತ್ತು.

ಅದಕ್ಕೂ ಮೊದಲು ಗಾಂಧಿನಗರದ ಹತ್ತಿರ ಸಿನಿಮಾ ಕಟೌಟು ಬರೆಯುವ ಒಂದು ಶೆಡ್ಡಿನಲ್ಲಿದ್ದರಂತೆ. ಇದು ಅವರು ಹೇಳಿದ್ದು, ನಾನು ಕಂಡದ್ದಲ್ಲ. ಅಲ್ಲಿ ಮುಖ ಬರೆಯುವವರು ಹಿರಿಯರು, ಅಂಗಿ ಬರೆಯುವವರು ಅವರ ಶಿಷ್ಯರು. ಇವರಿಗೆ ವರ್ಷಗಟ್ಟಲೆ ಸಿಕ್ಕಿದ್ದು ಮೊಣಕಾಲಿನಿಂದ ಕೆಳಗೆ. ಹೀಗಾಗಿ ನಟರನ್ನೆಲ್ಲ ಅವರು ಬೂಟಿನಿಂದ ಗುರುತಿಸುತ್ತಿದ್ದರು. ಒಮ್ಮೆ ದೊಡ್ಡ ನಟರೊಬ್ಬರು ಶೆಡ್ಡಿಗೇ ಬಂದು ಎದುರಿಗೆ ನಿಂತಾಗ ಯಾರು ಬೇಕಿತ್ತು ಎಂದು ಕೇಳಿದರಂತೆ. ಆಮೇಲೆ ಕಣ್ಣು ಕೆಳಗಿಳಿದಾಗ ಗುರುತು ಸಿಕ್ಕಿ ಆ ಕಾಲುಗಳಿಗೇ ನಮಸ್ಕಾರ ಮಾಡಿದರಂತೆ. ನಟರು ಅದನ್ನು ಭಕ್ತಿ ಎಂದುಕೊಂಡರು.

ಇನ್ನೊಂದು ನಾನೇ ಕಂಡದ್ದು. ಮಲ್ಲೇಶ್ವರದಲ್ಲಿ ಹವ್ಯಾಸಿಗಳ ಒಂದು ನಾಟಕ. ಇವರು ಮೇಕಪ್ಪಿಗೆ ಹೋಗಿದ್ದವರು. ಹೆಣದ ಪಾತ್ರದವನು ಬರಲಿಲ್ಲವೆಂದು ಇವರೇ ಮಲಗಿದರು. ಹೆಣಕ್ಕೆ ಇಪ್ಪತ್ತು ನಿಮಿಷ ಕೆಲಸವಿಲ್ಲ. ಏಳನೆಯ ನಿಮಿಷಕ್ಕೆ ಗೊರಕೆ ಶುರುವಾಯಿತು. ಅದನ್ನು ಮುಚ್ಚಲು ಹೆಂಡತಿಯ ಪಾತ್ರದ ಹೆಂಗಸು ಅಳುವನ್ನು ಏರಿಸಿದರು, ಅಳು ಏರಿದಂತೆ ಗೊರಕೆಯೂ ಏರಿತು. ಮುಗಿದ ಮೇಲೆ ನಿರ್ದೇಶಕರು ಬಯ್ದಾಗ, ಸಹಜ ಅಭಿನಯ ಬೇಕು ಅಂತ ನೀವೇ ಹೇಳಿದ್ರಿ, ಮಲಗಿದವನು ನಿದ್ದೆ ಮಾಡೋದಕ್ಕಿಂತ ಸಹಜ ಯಾವುದಿದೆ ಎಂದು ಇವರು ಕೇಳಿದರು.

ಭಾನುವಾರಗಳಲ್ಲಿ ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದರು. ನನ್ನ ತಾಯಿಗೆ ಅವರೆಂದರೆ ಇಷ್ಟ. ತಾಯಿಗೆ ಮದುವೆಗಳೆಂದರೆ ಪ್ರಾಣ. ಮಗನದು ಆಗದಿದ್ದರೂ ಊರಿನದೆಲ್ಲ ತನ್ನದೇ ಎಂಬಂತೆ ಹೋಗಿ ಬರುತ್ತಿದ್ದಳು. ಮಂಟಪ ಕಟ್ಟುವವರು ಎಂಬ ಕಾರಣಕ್ಕೆ ಅವರ ಹತ್ತಿರ ಮದುವೆಮನೆಗಳ ಸುದ್ದಿ ಯಾವಾಗಲೂ ಇರುತ್ತಿತ್ತು. ಇಬ್ಬರೂ ಯಾರ ಮನೆಯ ಹೋಳಿಗೆ ಗಟ್ಟಿ, ಯಾವ ಬೀಗರು ಕೋಪಿಸಿಕೊಂಡರು ಎಂದು ಎರಡೆರಡು ಗಂಟೆ ಮಾತಾಡುತ್ತಿದ್ದರು. ನಾನು ಕೇಳುತ್ತಾ ಕೂತಿರುತ್ತಿದ್ದೆ.

ಹೀಗೆ ಕೆಲವು ವರ್ಷ ಕಳೆದವು. ಒಂದು ದಿನ ಅವರು ಪ್ರೆಸ್ಸಿಗೆ ಬಂದು ಕೈಬರಹದ ಒಂದು ಹಾಳೆ ಕೊಟ್ಟರು. ಕರಪತ್ರ ಹಾಕಿಸಬೇಕು, ಒಂದೇ ಒಂದು ತಪ್ಪೂ ಇರಬಾರದು ಎಂದರು. ಅದರಲ್ಲಿ ಒಂಬತ್ತು ವಾಕ್ಯಗಳಿದ್ದವು. ಏಡ್ಸ್ ಹೇಗೆ ಬರುತ್ತದೆ ಎಂದು ಮೊದಲ ನಾಲ್ಕು, ಹೇಗೆ ಬರುವುದಿಲ್ಲ ಎಂದು ಉಳಿದ ಐದು. ಆರನೆಯ ವಾಕ್ಯ ನನಗೆ ಈಗಲೂ ಬಾಯಿಪಾಠವಾಗಿದೆ: ಜೊತೆಯಲ್ಲಿ ಕೂತು ಉಂಡರೆ, ಒಂದೇ ಲೋಟದಲ್ಲಿ ನೀರು ಅಥವಾ ಕಾಫಿ ಕುಡಿದರೆ ಬರುವುದಿಲ್ಲ. ನಾನು ಮೂರು ಸಲ ಓದಿದೆ. ಒಂದು ಅಲ್ಪವಿರಾಮ ಸೇರಿಸಿದೆ. ಹಾಳೆ ವಾಪಸು ಕೊಡುವಾಗ ಅವರು, ಸ್ಟೂಲಿನ ಮೇಲೆ ಕೂತು, ತೊಡೆಗೆ ಕೈ ಒರೆಸಿಕೊಳ್ಳುತ್ತಾ ಹೇಳಿದರು.

“ಇದು ನನ್ನ ಬಯೋಡಾಟಾ ರಾಯ್ರೇ. ನನಗಿದೆ ಅದು.”

ನಾನು ಅವರನ್ನು ನೋಡಿದೆ. ಅವರೂ ನೋಡಿದರು. ಶಾಯಿ ಯಾವ ಬಣ್ಣದ್ದಿರಲಿ ಎಂದು ನಾನು ಕೇಳಿದೆ. ಅವರು ನೀಲಿ ಎಂದರು.

ಮುಂದಿನ ಭಾನುವಾರದ ವಿಷಯವನ್ನು ಸರಿಯಾಗಿ ಬರೆಯಬೇಕು. ನಮ್ಮ ಮನೆಯಲ್ಲಿ ಆರು ಸ್ಟೀಲ್ ಲೋಟಗಳಿದ್ದವು, ಒಂದೇ ಅಳತೆ, ಒಂದೇ ಅಂಗಡಿಯವು. ಅವುಗಳಲ್ಲಿ ಒಂದು ಯಾವಾಗಲೋ ಬಚ್ಚಲ ಕಲ್ಲಿನ ಮೇಲೆ ಬಿದ್ದು ಅಂಚಿನಲ್ಲಿ ನೆಗ್ಗಿತ್ತು. ತಾಯಿ ಕಾಫಿ ಬೆರೆಸಿ ಇಟ್ಟಳು. ಲೋಟಗಳನ್ನು ಹಜಾರಕ್ಕೆ ತರುವವನು ನಾನು. ಅವರಿಗೆ ನಾನು ನೆಗ್ಗಿದ ಲೋಟ ಕೊಟ್ಟೆ. ಆಕಸ್ಮಿಕವಲ್ಲ. ಆಮೇಲೆ ಅದನ್ನು ನಾನೇ ತೊಳೆದೆ, ಎರಡು ಸಲ, ಬಿಸಿನೀರಿನಲ್ಲಿ. ಬೇರೆ ಗೂಡಿನಲ್ಲಿ ಬೋರಲು ಹಾಕಿ ಇಟ್ಟೆ. ಆರನೆಯ ವಾಕ್ಯಕ್ಕೆ ಅಲ್ಪವಿರಾಮ ಸೇರಿಸಿದ ಕೈ ಅದು.

ನೆಗ್ಗಿದ ಅಂಚು ತುಟಿಗೆ ಚುಚ್ಚುತ್ತದೆ. ಅವರು ಒಂದು ಗುಟುಕು ಕುಡಿದು ನಿಲ್ಲಿಸಿದರು. ಲೋಟವನ್ನು ಎಡಕ್ಕೆ ಕಾಲುಭಾಗ ತಿರುಗಿಸಿ ಮತ್ತೆ ಕುಡಿದರು. ಅದರ ಮುಂದಿನ ವಾರವೂ ಅದೇ ಲೋಟ, ಅದೇ ತಿರುಗಿಸುವಿಕೆ. ಮೂರನೆಯ ವಾರ ಲೋಟ ಕೈಗೆ ಬರುವ ಮೊದಲೇ ಅವರ ಬೆರಳುಗಳು ತಿರುಗಿಸಲು ಸಿದ್ಧವಾಗಿದ್ದವು. “ಈ ಲೋಟಕ್ಕೂ ನನಗೂ ಏನೋ ಋಣಾನುಬಂಧ” ಎಂದರು, ಗಡಿಯಾರದ ಕಡೆ ನೋಡುತ್ತಾ. ತಾಯಿ ನಕ್ಕಳು. ನಾನು ಬಿಸ್ಕತ್ತು ತರಲು ಒಳಗೆ ಹೋದೆ. ಮನೆಯಲ್ಲಿ ಬಿಸ್ಕತ್ತು ಇರಲಿಲ್ಲ.

ಹೀಗೆ ಎರಡು ವರ್ಷಕ್ಕೂ ಹೆಚ್ಚು ನಡೆಯಿತು.

ಈ ಎರಡು ವರ್ಷದಲ್ಲಿ ಅವರು ಮಾಡಿದ ಕೆಲಸಕ್ಕೆ ಲೆಕ್ಕವಿಲ್ಲ. ಆಟೋ ಸ್ಟ್ಯಾಂಡುಗಳಿಗೆ ಹೋಗುತ್ತಿದ್ದರು. ಬಿನ್ನಿಪೇಟೆಯ ಗಲ್ಲಿಗಳಿಗೆ ಹೋಗಿ, ಮಿಮಿಕ್ರಿಯಲ್ಲಿ ಗಂಡ, ಹೆಂಡತಿ, ಡಾಕ್ಟರು, ವೈರಸ್ಸು, ನಾಲ್ಕೂ ದನಿ ತಾವೇ ಮಾಡುತ್ತಿದ್ದರು. ವೈರಸ್ಸಿಗೆ ಅವರು ಕೊಟ್ಟಿದ್ದು ಮನೆ ಖಾಲಿ ಮಾಡದ ಬಾಡಿಗೆದಾರನ ದನಿ. ಒಂದು ದಸರೆಯಲ್ಲಿ ತಮ್ಮ ಹಜಾರದಲ್ಲಿ ಬೊಂಬೆ ಕೂರಿಸಿದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ಕೆಳಗೆ ಮಣ್ಣಿನಲ್ಲಿ ಮಾಡಿದ ಒಂದು ಆಸ್ಪತ್ರೆ. ಮಂಚಗಳು, ನರ್ಸು, ರಕ್ತದ ಬಾಟಲಿ, ಬೆಂಚಿನ ಮೇಲೆ ಸಾಲಾಗಿ ರೋಗಿಗಳು, ಕ್ಯೂ ಮುರಿಯಲು ನೋಡುವ ಒಬ್ಬ ದಪ್ಪ ಮನುಷ್ಯ. ಆ ದಪ್ಪ ಮನುಷ್ಯ ನಮ್ಮ ಪ್ರೆಸ್ಸಿನ ಮಾಲೀಕರಂತೆಯೇ ಇದ್ದ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಕೋಸಂಬರಿ ತಿನ್ನುತ್ತಾ ಇದೇನು ಎಂದು ಕೇಳಿದರು. ಕೇಳಿದವರಿಗೆ ಕೈಲಿದ್ದ ಕೋಸಂಬರಿ ಮುಗಿಯುವವರೆಗೆ ಹೇಳಿದರು. ಕೋಸಂಬರಿ ಮುಗಿದರೆ ಮತ್ತೆ ಬಡಿಸಿದರು.

ನಿರೋಧ್ ಹಾಕಿಕೊಳ್ಳುವುದನ್ನು ತೋರಿಸಲು ಅವರಿಗೆ ಒಂದು ಮಾದರಿ ಬೇಕಿತ್ತು. ಚನ್ನಪಟ್ಟಣಕ್ಕೆ ಹೋಗಿ, ಅರಗಿನ ಬಣ್ಣದ ಮರದ ತುಂಡೊಂದನ್ನು ಕಡೆಸಿಕೊಂಡು ಬಂದರು. ಕೆಂಪಗೆ, ನುಣ್ಣಗೆ, ಒಂದು ಗೇಣಿಗೆ ಸ್ವಲ್ಪ ಕಡಿಮೆ. ಅದರ ಚೀಲವನ್ನು ಒಂದು ಭಾನುವಾರ ನಮ್ಮ ಮನೆಯಲ್ಲೇ ಮರೆತು ಹೋದರು. ಮರುದಿನ ನಾನು ಪ್ರೆಸ್ಸಿನಿಂದ ಬಂದಾಗ ಅಡಿಗೆಮನೆಯಿಂದ ಟಕ್ ಟಕ್ ಶಬ್ದ. ತಾಯಿ ಕುಟ್ಟಾಣಿಯಲ್ಲಿ ಅದರಿಂದ ಏಲಕ್ಕಿ ಕುಟ್ಟುತ್ತಿದ್ದಳು. “ಹಿಡಿಕೆ ಎಷ್ಟು ಚೆನ್ನಾಗಿದೆ ನೋಡು, ಕೈಗೆ ಒಂಚೂರೂ ನೋವಾಗಲ್ಲ” ಎಂದಳು. ನಾನು ಕೈಕಾಲು ತೊಳೆಯಲು ಹೋದೆ. ಭಾನುವಾರ ಅವರು ಬಂದಾಗ ಅದು ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ ನಿಂತಿತ್ತು. ಅವರು ಅದನ್ನು ನೋಡಿದರು, ನನ್ನ ಮುಖ ನೋಡಿದರು, ಬಹಳ ಗಂಭೀರವಾಗಿ, “ಅಮ್ಮಾ, ಅದು ನಿಮಗೇ ಇರ್ಲಿ. ನಾನು ಬೇರೆ ಮಾಡಿಸ್ಕೊಳ್ತೀನಿ” ಎಂದರು. ಆ ವರ್ಷ ನಮ್ಮ ಮನೆಯ ಪಾಯಸವನ್ನು ಹೊಗಳಿದವರಿಗೆಲ್ಲ ತಾಯಿ ಅದನ್ನು ತಂದು ತೋರಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಈ ಕಾಯಿಲೆಯವರ ವಾರ್ಡಿಗೂ ಹೋಗುತ್ತಿದ್ದರು. ಅಲ್ಲಿ ಯಾರೂ ನೋಡಲು ಬಾರದ ರೋಗಿಗಳ ಚಿತ್ರ ಬರೆಯುತ್ತಿದ್ದರು. ಕಾಗದ ನನ್ನದು. ಅಂದರೆ, ಅಚ್ಚಾದ ಮೇಲೆ ತಪ್ಪು ಸಿಕ್ಕಿ ರದ್ದಿಗೆ ಹೋದ ಮದುವೆ ಕಾಗದಗಳು. ಅವುಗಳ ಹಿಂಬದಿ ಖಾಲಿ ಇರುತ್ತದೆ, ಕಾಗದ ದಪ್ಪ. ರೋಗಿಗಳು ಹೇಗೆ ಕೇಳಿದರೆ ಹಾಗೆ ಬರೆಯುತ್ತಿದ್ದರು. ಒಬ್ಬರಿಗೆ ಪೇಟ ಬೇಕಿತ್ತು, ಒಬ್ಬಳಿಗೆ ಮೂಗುತಿ. ಒಬ್ಬ ಲಾರಿ ಡ್ರೈವರು ತನ್ನ ಮುಖ ಬೇಡ, ಲಾರಿ ಸಾಕು ಎಂದನಂತೆ. ಲಾರಿಯ ಕಿಟಕಿಯಲ್ಲಿ ಒಂದು ಮೊಣಕೈ ಮಾತ್ರ ಬರೆದುಕೊಟ್ಟರು. ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದನಂತೆ.

ಅವರಿಗೆ ಕಾಯಿಲೆ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಿದ್ದರು. “ಹದಿನಾಲ್ಕನೇ ನಂಬರ್ ಬಸ್ಸಲ್ಲಿ ಬಂತು, ಸೀಟು ಸಿಗಲಿಲ್ಲ, ನನ್ನ ಮೇಲೆ ಕೂತ್ಕೊಳ್ತು” ಎನ್ನುತ್ತಿದ್ದರು. ನಾನು ಕೇಳಲಿಲ್ಲ. ಅದನ್ನು ಒಳ್ಳೆಯತನ ಎಂದುಕೊಂಡಿದ್ದೆ. ಹೇಗಿದ್ದೀರಿ ಎಂದೂ ನಾನು ಕೇಳಿರಲಿಲ್ಲ ಎಂದು ಹೊಳೆದದ್ದು ಬಹಳ ತಡವಾಗಿ.

ಇನ್ನು ಆ ಮದುವೆಯ ವಿಷಯ.

ನೀಲಿ ಶಾಯಿಯ ಕರಪತ್ರಗಳನ್ನು ಜನ ಕೈಗೆ ತೆಗೆದುಕೊಂಡು ಹತ್ತು ಹೆಜ್ಜೆಯಲ್ಲಿ ಎಸೆಯುತ್ತಿದ್ದರು. ಒಂದು ಸಂಜೆ ಅವರಿಗೆ ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣ ಅವರದೇ ಕರಪತ್ರವಾಗಿತ್ತು. ಕಡಲೆಕಾಯಿ ತಿನ್ನುತ್ತಲೇ ನೇರ ಪ್ರೆಸ್ಸಿಗೆ ಬಂದರು. ಜನ ಎಂಥ ಕಾಗದವನ್ನು ಎಸೆಯುವುದಿಲ್ಲ, ಯೋಚಿಸಿ ಎಂದರು. ನಾನು ಯೋಚಿಸುವ ಮೊದಲೇ ಅವರೇ ಹೇಳಿದರು: ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕಾಗದ. ಅದನ್ನು ಕಸಕ್ಕೆ ಹಾಕಲು ಯಾರಿಗೂ ಕೈ ಬರುವುದಿಲ್ಲ. ಮೊಳೆಗೆ ಸಿಕ್ಕಿಸುತ್ತಾರೆ, ದೇವರ ಗೂಡಿನಲ್ಲಿಡುತ್ತಾರೆ, ವರ್ಷಗಟ್ಟಲೆ ಇರುತ್ತದೆ. ಎಂದಾದರೂ ಒಂದು ದಿನ ಓದುತ್ತಾರೆ.

ಆಷಾಢ ಮಾಸ ಆಗ. ಆಷಾಢದಲ್ಲಿ ಮದುವೆಗಳಿಲ್ಲ, ಪ್ರೆಸ್ಸಿಗೆ ಕೆಲಸವಿಲ್ಲ, ಛತ್ರಗಳು ಬಾಗಿಲು ಹಾಕಿಕೊಂಡಿರುತ್ತವೆ. ಸುಮ್ಮನೆ ನಿಂತ ಯಂತ್ರಕ್ಕೆ ತುಕ್ಕು ಹಿಡಿಯದಿರಲಿ ಎಂದು ಮಾಲೀಕರು ಒಪ್ಪಿದರು. ಮುಂದೆ ಗಣಪತಿ, ಬಾಳೆಕಂಬ. ಒಳಗೆ ಮದುವೆ ಕಾಗದದ ಶೈಲಿಯಲ್ಲೇ ಅದೇ ಒಂಬತ್ತು ವಾಕ್ಯ, ‘ಗುರುಹಿರಿಯರ ಸಮ್ಮುಖದಲ್ಲಿ ತಿಳಿಸುವುದೇನೆಂದರೆ’ ಎಂದು ಆರಂಭ. ಕೆಳಗೆ, ಚಾಮರಾಜಪೇಟೆಯ ಒಂದು ಪುಟ್ಟ ಛತ್ರದಲ್ಲಿ ಭಾನುವಾರ ಹನ್ನೊಂದಕ್ಕೆ ಅವರ ಭಾಷಣ. ಇಪ್ಪತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆವು. ಕಾಗದಗಳಿಗೆ ಅರಿಶಿನ ಹಚ್ಚಿದವಳು ನನ್ನ ತಾಯಿ. ಕನ್ನಡಕ ಹಾಕಿಕೊಳ್ಳದೆ, ಹಾಡು ಗುನುಗುತ್ತಾ, ಎರಡು ಮಧ್ಯಾಹ್ನ ಹಚ್ಚಿದಳು. ಯಾರ ಮದುವೆ ಎಂದಾಗ ಅವರು, ಬೇಕಾದವರದ್ದಮ್ಮ ಎಂದಿದ್ದರು. ಆಷಾಢದಲ್ಲಿ ಮದುವೆ ಮಾಡುವ ಪುಣ್ಯಾತ್ಮರು ಯಾರು, ನೋಡಲೇಬೇಕು ಎಂದಳು. ಕಾಗದ ಸಿಕ್ಕ ಜನವೆಲ್ಲ ಅರಿಶಿನ, ಛತ್ರ, ಹೊತ್ತು ಇಷ್ಟನ್ನೇ ನೋಡಿ ಹಾಗೇ ಅಂದುಕೊಳ್ಳುತ್ತಾರೆ ಎಂದು ನಮಗೆ ತೋಚಲಿಲ್ಲ.

ಭಾನುವಾರ ಹನ್ನೊಂದಕ್ಕೆ ಛತ್ರದಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ರೇಷ್ಮೆ ಸೀರೆ, ಮಲ್ಲಿಗೆ, ಜರಿ ಅಂಚಿನ ಪಂಚೆ. ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಸ್ಟೀಲ್ ಪಾತ್ರೆಗಳು. ಹೆಣ್ಣು ಎಲ್ಲಿ, ಗಂಡು ಎಲ್ಲಿ ಎಂದು ಕೋಣೆ ಕೋಣೆ ಇಣುಕುತ್ತಿದ್ದರು. ನಾನು ಜೇಬಿನಿಂದ ಕಾಗದ ತೆಗೆದು ಮೊದಲ ಅಕ್ಷರದಿಂದ ಓದಿದೆ. ತಳದಲ್ಲಿ, ಕೊನೆಯ ಸಾಲಿನಲ್ಲಿ, ‘ಮಧ್ಯಾಹ್ನ ಹನ್ನೆರಡೂವರೆಗೆ ಭೋಜನ. ಸಕುಟುಂಬರಾಗಿ ಬಂದು ಆಶೀರ್ವದಿಸಬೇಕು’ ಎಂದಿತ್ತು. ಆ ಸಾಲಿನ ಅಚ್ಚುಮೊಳೆಗಳನ್ನು ನಮ್ಮಲ್ಲಿ ಎಂದೂ ಬಿಚ್ಚುವುದಿಲ್ಲ, ಎಲ್ಲ ಮದುವೆಗೂ ಅದೇ. ನಾನು ನಾಲ್ಕು ವಿಷಯ ನೋಡುತ್ತೇನೆ, ಆ ಸಾಲಿನ ಮೇಲೆ ನನ್ನ ಕಣ್ಣು ನಿಲ್ಲುವುದಿಲ್ಲ. ನಾನು ಹೋಗಿ ಅವರಿಗೆ ಬೆರಳಿಟ್ಟು ತೋರಿಸಿದೆ. ಅವರು ಓದಿದರು. ವೇದಿಕೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು.

“ಇಷ್ಟು ವರ್ಷದಲ್ಲಿ ನೀವು ಮಾಡಿರೋದು ಒಂದೇ ತಪ್ಪು ರಾಯ್ರೇ. ಎಂಥಾ ಜಾಗ ನೋಡಿ ಮಾಡಿದೀರಿ!”

ಪಕ್ಕದ ಬೀದಿಯಲ್ಲಿ ಮದುವೆ ಅಡಿಗೆಯ ಭಟ್ಟರೊಬ್ಬರು ಆಷಾಢವಾದ್ದರಿಂದ ಮನೆಯಲ್ಲೇ ಇದ್ದರು. ಒಂದೂವರೆ ಗಂಟೆ ಸಮಯ ಕೊಟ್ಟರೆ ಚಿತ್ರಾನ್ನ, ಮೊಸರನ್ನ, ಹೆಸರುಬೇಳೆ ಪಾಯಸ ಮಾಡುತ್ತೇನೆ ಎಂದರು. ಅಷ್ಟು ಹೊತ್ತು ಜನರನ್ನು ಹಿಡಿದಿಡಬೇಕಿತ್ತು. ಭಟ್ಟರು ಒಲೆ ಹಚ್ಚಿದರು, ಇವರು ವೇದಿಕೆ ಹತ್ತಿ ಮನೆಯ ಬೋರ್ಡಿನಲ್ಲಿದ್ದ ವಿದ್ಯೆಗಳನ್ನೆಲ್ಲ ಒಂದೊಂದಾಗಿ ಮಾಡಿದರು. ಮಿಮಿಕ್ರಿ ಆಯಿತು. ಮುಂದಿನ ಸಾಲಿನ ಮೂವರ ಭಾವಚಿತ್ರ ಬರೆದದ್ದಾಯಿತು. ಛತ್ರದ ಹಾರ್ಮೋನಿಯಂ ತರಿಸಿ, ಬಿಚ್ಚಿ, ರಿಪೇರಿ ಮಾಡಿದರು. ಅದು ಮೊದಲು ಸರಿಯಾಗಿತ್ತು. ಕೊನೆಗೆ ಹನ್ನೊಂದನೆಯ ಸಾಲಿಗೆ ಬಂದರು. ಒಂಬತ್ತು ವಾಕ್ಯಗಳನ್ನೂ ಹೇಳಿದರು.

“ಹೆಣ್ಣೂ ಇಲ್ಲ, ಗಂಡೂ ಇಲ್ಲ. ಬರೀ ನಾನಿದೀನಿ. ನನಗೆ ಈ ಕಾಯಿಲೆ ಇದೆ. ಊಟ ತಯಾರಾಗಿದೆ, ಬಡಿಸೋನೂ ನಾನೇ. ಕೂರೋರು ಕೂತ್ಕೊಳ್ಳಿ. ಹೋಗೋರ ಮೇಲೆ ನನಗೆ ಬೇಜಾರಿಲ್ಲ, ತಾಂಬೂಲ ಬಾಗ್ಲಲ್ಲಿದೆ, ತಗೊಂಡ್ಹೋಗಿ.”

ಯಾರೂ ಅಲುಗಲಿಲ್ಲ. ಅವರ ಕೈ ತೊಡೆಯ ಮೇಲೆ ಮೇಲಿಂದ ಕೆಳಗೆ ಓಡುತ್ತಿತ್ತು, ಅದರಲ್ಲಿ ಬಣ್ಣವಿರಲಿಲ್ಲ. ಆಗ ಉಡುಗೊರೆಗಳ ರಾಶಿಯಲ್ಲಿ, ಬಣ್ಣದ ಕಾಗದದೊಳಗಿಂದಲೇ, ಗೋಡೆ ಗಡಿಯಾರವೊಂದು ಒಂದು ಗಂಟೆ ಹೊಡೆಯಿತು. ನನ್ನ ತಾಯಿ ಎದ್ದಳು.

“ಒಂದಾಯ್ತು. ನಂಗೆ ಶುಗರ್ರು, ಹೊತ್ತಿಗೆ ಸರಿಯಾಗಿ ಊಟ ಆಗ್ಬೇಕು. ಎಲೆ ಹಾಕಪ್ಪ.”

ಅವಳು ಹೋಗಿ ಪಂಕ್ತಿಯ ಮೊದಲ ಜಾಗದಲ್ಲಿ ಕೂತಳು. ಅವರು ಎಲೆ ಹಾಕಿ, ಎದುರಿಗೆ ಸಿಕ್ಕ ಚಿತ್ರಾನ್ನವನ್ನೇ ಮೊದಲು ಬಡಿಸಿದರು. “ಉಪ್ಪೆಲ್ಲಿ? ಮೊದ್ಲು ಉಪ್ಪು ಬಡಿಸ್ಬೇಕು, ಅಷ್ಟೂ ಗೊತ್ತಿಲ್ವಾ?” ಎಂದು ತಾಯಿ ಗದರಿದಳು. ಅವರು ಉಪ್ಪು ತಂದು ಎಲೆಯ ಬಲತುದಿಗೆ ಹಾಕಿದರು. ಅಯ್ಯೋ ಅಲ್ಲಿ ಅಲ್ಲ, ಎಡಕ್ಕೆ ಎಂದು ಜರಿ ಸೀರೆಯ ಹೆಂಗಸೊಬ್ಬರು ದೂರದಿಂದ ಹೇಳಿದರು. ಅವರು ಉಪ್ಪನ್ನು ತೆಗೆದು ಮಧ್ಯಕ್ಕೆ ಹಾಕಿದರು. ಆ ಹೆಂಗಸಿಗೆ ತಡೆಯಲಾಗಲಿಲ್ಲ. ಇಲ್ಲಿ ನೋಡಿ, ಹೀಗೆ ಎಂದು ಬಂದು, ತೋರಿಸುವುದಕ್ಕೆಂದೇ ಪಕ್ಕದ ಎಲೆಯ ಮುಂದೆ ಕೂತರು. ಪಲ್ಯವಿಲ್ಲದ ಊಟದಲ್ಲಿ ಪಾಯಸ ಯಾವಾಗ ಬರಬೇಕು ಎಂದು ಗಂಡಸರಲ್ಲಿ ಚರ್ಚೆಯಾಯಿತು. ಚರ್ಚೆ ಮಾಡುವವರು ನಿಂತು ಮಾಡುವುದು ಸರಿಯಲ್ಲವೆಂದು ಕೂತರು. ಬಡಿಸುವ ಕ್ರಮ ತಪ್ಪುವುದನ್ನು ಸುಮ್ಮನೆ ನೋಡಿಕೊಂಡಿರುವುದು ಆ ಜನರಿಗೆ ಸಾಧ್ಯವೇ ಇರಲಿಲ್ಲ. ನಾನು ಎಣಿಸಿದೆ. ಹೊರಟುಹೋದವರು ಮೂವತ್ತೊಂದು ಜನ, ಉಳಿದವರೆಲ್ಲ ಉಂಡರು. ಮರಳಿಸಿದ ಉಡುಗೊರೆಗಳಲ್ಲಿ ಗಡಿಯಾರವೊಂದು ಯಾರದೆಂದು ತಿಳಿಯದೆ ಉಳಿಯಿತು.

ನಾನು ಉಣ್ಣಲಿಲ್ಲ. ಕೈತೊಳೆಯುವ ನಲ್ಲಿಯ ಹತ್ತಿರ ನಿಂತು, ನೀರು ನೋಡಿಕೊಳ್ಳುತ್ತೇನೆ ಎಂದೆ. ನಲ್ಲಿಯ ನೀರನ್ನು ಯಾರೂ ನೋಡಿಕೊಳ್ಳಬೇಕಾಗಿರಲಿಲ್ಲ. ಅವರು ಒಂದು ದೊನ್ನೆಯಲ್ಲಿ ಪಾಯಸ ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ತಗೊಳ್ತೀರಾ ಎಂದರು. ಆಮೇಲೆ ಎಂದೆ. ಸಂಜೆ ಛತ್ರದ ಬಾಗಿಲು ಹಾಕುವಾಗ ಅದಕ್ಕೆ ಇರುವೆ ಮುತ್ತಿತ್ತು.

ಮನೆಗೆ ಬಂದ ಮೇಲೆ ತಾಯಿಯನ್ನು ಕೇಳಿದೆ, ಅವರು ಹೇಳಿದ್ದು ನಿನಗೆ ಸರಿಯಾಗಿ ಕೇಳಿಸಿತೇ ಎಂದು. “ನನ್ ಕಿವಿ ಚೆನ್ನಾಗಿದೆ. ನಂಗೆ ಶುಗರ್ರು ಬಂದಾಗ ಯಾರಾದ್ರೂ ಬೇರೆ ತಟ್ಟೆ ಇಟ್ರಾ?” ಎಂದಳು. ಗೂಡಿನ ಲೋಟದ ವಿಷಯ ಅವಳಿಗೆ ತಿಳಿದಿತ್ತೋ ಇಲ್ಲವೋ, ಕೊನೆಯವರೆಗೂ ನನಗೆ ಗೊತ್ತಾಗಲಿಲ್ಲ.

ಎರಡು ಭಾನುವಾರ ಅವರು ಬರಲಿಲ್ಲ. ಮೂರನೆಯ ಭಾನುವಾರ ನಾನು ಗಾಂಧಿ ಬಜಾರಿನಿಂದ ತರಕಾರಿ ತರುವ ಹೊತ್ತಿಗೆ ಬಂದಿದ್ದರು. ಹೊರಗಿನಿಂದಲೇ ಠಣ್ ಠಣ್ ಶಬ್ದ ಕೇಳಿಸಿತು. ಹಿತ್ತಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಎದುರಿಗೆ ನಮ್ಮ ಲೋಟಗಳು. ನನ್ನ ಗೂಡಿನ ಲೋಟವೂ ಅಲ್ಲಿತ್ತು. ಲೋಟದ ಅಂಚಿಗೆ ಏಲಕ್ಕಿ ಕುಟ್ಟುವ ಆ ಕೆಂಪು ಮರದ ತುಂಡನ್ನು ಒತ್ತಿಹಿಡಿದು, ಮೇಲಿಂದ ಗುಂಡುಕಲ್ಲಿನಿಂದ ಒಂದೊಂದು ಏಟು ಹಾಕುತ್ತಿದ್ದರು. ಹಾಕಿ, ಹಳೆಯ ನೆಗ್ಗಿನ ಪಕ್ಕದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಇನ್ನೊಂದು ಸಣ್ಣ ಏಟು ಹಾಕುತ್ತಿದ್ದರು. ತಾಯಿ ಬಾಗಿಲಲ್ಲಿ ನಿಂತಿದ್ದಳು.

“ಲೋಟ ರಿಪೇರಿ ಮಾಡ್ತೀನಿ ಅಂತ ಈಸ್ಕೊಂಡ. ಒಂದು ನೆಗ್ಗಿತ್ತು, ಈಗ ಆರೂ ನೆಗ್ಗಿದೆ. ಯಾವ ಸೀಮೆ ರಿಪೇರಿನೋ ಇವಂದು” ಎಂದು ನನಗೆ ದೂರು ಹೇಳಿದಳು.

“ಹಾರ್ಮೋನಿಯಂಗಿಂತ ವಾಸಿಯಾಗಿ ಬಂದಿದೆ ಅಮ್ಮಾ” ಎಂದರು ಅವರು.

ಆರನ್ನೂ ತಾವೇ ತೊಳೆದರು. ಅದಲುಬದಲು, ಹಿಂದುಮುಂದು ಮಾಡಿ, ತಟ್ಟೆಯಲ್ಲಿ ಸಾಲಾಗಿ ಇಟ್ಟರು. ತಾಯಿ ಗೊಣಗುತ್ತಲೇ ಮೂರಕ್ಕೆ ಕಾಫಿ ಸುರಿದಳು. ಅವರು ತಟ್ಟೆಯನ್ನು ತಂದು ನನ್ನ ಮುಂದೆ ಹಿಡಿದರು.

“ನಿಮ್ದು ಕರಡು ತಿದ್ದೋ ಕಣ್ಣು. ಯಾವುದು ಹಳೇದು ಹುಡುಕಿ ರಾಯ್ರೇ.”

ನಾನು ನೋಡಿದೆ. ನಾಚಿಕೆಯಾದರೂ ನೋಡಿದೆ, ಅಭ್ಯಾಸದಿಂದ ನೋಡಿದೆ. ಅಂಚು ನೋಡಿದೆ, ನೆಗ್ಗಿನ ಆಳ ನೋಡಿದೆ. ಹತ್ತು ವರ್ಷ ನಟರ ಕಾಲುಗಳನ್ನು ಬಲಕ್ಕೊಂದು ಎಡಕ್ಕೊಂದು ಸರಿಸಮ ಬರೆದ ಕೈ ಅದು. ಸಿಗಲಿಲ್ಲ. ಅವರು ತಟ್ಟೆ ಹಿಡಿದೇ ನಿಂತಿದ್ದರು. ಆಗ ಅವರ ಮಣಿಕಟ್ಟು ನೋಡಿದೆ, ಬಹಳ ಸಣ್ಣಗಾಗಿತ್ತು. ನಾನು ಹತ್ತಿರದ ಲೋಟ ಎತ್ತಿಕೊಂಡು ಕುಡಿದೆ. ಅಂಚು ತುಟಿಗೆ ಚುಚ್ಚಿತು. ಅವರು ತಮ್ಮ ಲೋಟ ತೆಗೆದುಕೊಂಡು ತಾಯಿಯ ಹತ್ತಿರ ಕೂತು, ಆಷಾಢ ಮುಗಿಯಿತಲ್ಲ, ಮೊದಲ ಮದುವೆ ಯಾರದ್ದು ಎಂದು ಮಾತು ತೆಗೆದರು. ನಾನು ಹೇಗಿದ್ದೀರಿ ಎಂದು ಕೇಳಿದೆ. ಇಬ್ಬರೂ ತಿರುಗಿ ನೋಡಿದರು. ಅವರು ಸ್ವಲ್ಪ ಯೋಚಿಸಿ, ಕಾಫಿಗೆ ಸಕ್ಕರೆ ಕಮ್ಮಿ, ಉಳಿದಂತೆ ಚೆನ್ನಾಗಿದೀನಿ ಎಂದರು.

ಆಮೇಲೆ ಅವರು ನಾಲ್ಕು ವರ್ಷ ಇದ್ದರು. ಕೊನೆಗೆ, ತಾವು ಚಿತ್ರ ಬರೆಯುತ್ತಿದ್ದ ವಾರ್ಡಿನಲ್ಲೇ ಮಲಗಿದರು. ಯಾರದೋ ಆ ಗೋಡೆ ಗಡಿಯಾರ ಅವರ ಮಂಚದ ಪಕ್ಕದಲ್ಲಿತ್ತು, ಹೊತ್ತುಗೊತ್ತಿಲ್ಲದೆ ಹೊಡೆಯುತ್ತಿತ್ತು. ನಾನು ದಿನವೂ ಫ್ಲಾಸ್ಕಿನಲ್ಲಿ ಕಾಫಿ, ಎರಡು ಲೋಟ ಒಯ್ಯುತ್ತಿದ್ದೆ. ಒಂದು ದಿನ ಕೈಸನ್ನೆ ಮಾಡಿ ಹತ್ತಿರ ಕರೆದರು.

“ಗುರುತು ಇಟ್ಟಿದೀನಿ ರಾಯ್ರೇ. ನನ್ನ ಲೋಟ ಯಾವುದು ಅಂತ ಹೇಳ್ಲಾ?”

“ಬೇಡ” ಎಂದೆ.

“ಖಂಡಿತಾ?”

“ಬೇಡ.”

ಅವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಲೋಟವನ್ನು ಎಡಕ್ಕೆ ಕಾಲುಭಾಗ ತಿರುಗಿಸಿ ಕುಡಿದರು.

ತಾಯಿ ಹೋಗಿಯೂ ಈಗ ಕೆಲವು ವರ್ಷಗಳಾದವು. ಬೋರ್ಡನ್ನು ಹಜಾರದಲ್ಲಿ ಗೋಡೆಗೆ ಒರಗಿಸಿದ್ದೇನೆ. ಹನ್ನೊಂದನೆಯ ಸಾಲು ಮೋರಿಯ ಕೆಸರಿನಲ್ಲಿ ಅರ್ಧ ಹೋಗಿದೆ, ಬಗ್ಗಿ ನೋಡಿದರೆ ಓದಬಹುದು. ಮನೆಗೆ ಬಂದವರಿಗೆ ಆ ಲೋಟಗಳಲ್ಲೇ ಕಾಫಿ ಕೊಡುತ್ತೇನೆ. ಹೊಸದು ತಗೊಳ್ಳಬಾರದೇ ಎಂದು ಕೆಲವರು ಹೇಳುತ್ತಾರೆ. ಬಂದವರು ಒಂದು ಗುಟುಕು ಕುಡಿಯುತ್ತಾರೆ, ಅಂಚು ಚುಚ್ಚುತ್ತದೆ, ನಿಲ್ಲಿಸುತ್ತಾರೆ. ಆಮೇಲೆ, ಯಾರೂ ಹೇಳಿಕೊಡದೆ, ಲೋಟವನ್ನು ಎಡಕ್ಕೆ ಕಾಲುಭಾಗ ತಿರುಗಿಸಿ ಮತ್ತೆ ಕುಡಿಯುತ್ತಾರೆ. ನಾನು ನೋಡುತ್ತಾ ಕೂತಿರುತ್ತೇನೆ.